ಗೋಲ್ಡ್ ಫಿಶ್‌ಗಳನ್ನು ಪರಿಚಯದವರಿಗೆ ಕೊಟ್ಟೆ, ಅವರು ಬೌಲ್‌ನಲ್ಲಿ ಇಟ್ಟಿದ್ದಾರೆ. ಏನು ಮಾಡಲಿ?

ಮನೆ ಬದಲಿಸುವಾಗ ಎರಡು ಮೀನು ಕೊಟ್ಟಿದ್ದೀರಿ, ಈಗ ನೆಮ್ಮದಿ ಇಲ್ಲ, ಅಲ್ವಾ? ನಿಮ್ಮ ಚಿಂತೆ ಸರಿಯಾಗಿಯೇ ಇದೆ. ಗೋಲ್ಡ್ ಫಿಶ್ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಚಿಕ್ಕ ಬೌಲ್‌ನಲ್ಲಿ ಅದು ಬೇಗ ವಿಷವಾಗುತ್ತದೆ, ನೀರು ತಿಳಿಯಾಗಿ ಕಂಡರೂ ಅಷ್ಟೇ.

ನಿಮ್ಮ ಹಳೇ ಫಿಲ್ಟರ್ ಇನ್ನೂ ಒದ್ದೆಯಾಗಿದ್ದರೆ ಇವತ್ತೇ ಅವರಿಗೆ ಕೊಟ್ಟುಬಿಡಿ. ಸ್ಪಂಜಿನ ಮೇಲೆ ಕಂದು ಬಣ್ಣದ ಲೋಳೆ ಕಾಣುತ್ತದಲ್ಲ, ಅಮೋನಿಯಾವನ್ನು ಕಡಿಮೆ ವಿಷದ ವಸ್ತುವಾಗಿ ಬದಲಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ. ಒಣಗಿದರೆ, ಇಲ್ಲವೇ ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದರೆ ಅವು ಸಾಯುತ್ತವೆ. ಎರಡು ಮೀನಿಗೆ 100 ಲೀಟರ್ ಟ್ಯಾಂಕ್ ಆದರೂ ಬೇಕು. ಸಾದಾ ಜಾತಿಯವು 20 ಸೆಂ.ಮೀ. ದಾಟಿ ಬೆಳೆಯುತ್ತವೆ, 10 ವರ್ಷಕ್ಕೂ ಜಾಸ್ತಿ ಬದುಕುತ್ತವೆ.

ಒಮ್ಮೆ ಹೋಗಿ ನೋಡಿ ಬನ್ನಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ರೆಕ್ಕೆ ಮಡಚಿಕೊಂಡು ತಳದಲ್ಲಿ ಕೂತಿದ್ದರೆ, ತಕ್ಷಣ ಅರ್ಧ ನೀರು ಬದಲಿಸಿ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕಿರಬೇಕು.

ದೊಡ್ಡ ಟ್ಯಾಂಕ್ ಇಡಲು ಅವರಿಗೆ ಆಗದಿದ್ದರೆ ಸಂಕೋಚ ಬೇಡ, ಮೀನು ವಾಪಸ್ ಕೇಳಿ. ಕೊಳ ಇರುವ ಬೇರೆ ಮನೆ ಹುಡುಕಿ. ಕೆರೆಗೆ ಮಾತ್ರ ಬಿಡಬೇಡಿ: ಕೆಸರು ಕೆದಕಿ, ಗಿಡ ಕಿತ್ತು, ಅಲ್ಲಿನ ಮೀನುಗಳಿಗೆ ರೋಗ ಹರಡುತ್ತವೆ.