ವೈರಸ್ ಕಾಣಿಸ್ತಿಲ್ಲ ಅಂದಮೇಲೆ ಗುಳಿಗೆ ಯಾಕೆ?

ಪ್ರಶ್ನೆ: ತಮ್ಮ ಕಾರವಾರದಲ್ಲಿ ಬೋಟಿಗೆ ಹೋಗುತ್ತಾನೆ. ಎಚ್‌ಐವಿಗೆ ದಿನಾ ಒಂದು ಗುಳಿಗೆ ನುಂಗುತ್ತಾನೆ. ಈ ಸಲದ ಟೆಸ್ಟಿನಲ್ಲಿ ವೈರಸ್ ಕಾಣಿಸಲಿಲ್ಲವಂತೆ, ‘ಇನ್ನೇಕೆ ಗುಳಿಗೆ’ ಅಂತಾನೆ. ಅದು ಒಳಗೆ ಮಾಡುವುದಾದರೂ ಏನು? ಜೊತೆಗೆ ಹೊಟ್ಟೆ ಉರಿಗೆ ಆಂಟಾಸಿಡ್ ಕುಡಿಯಬಹುದಾ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಗುಳಿಗೆ ಬಿಡೋದು ಬೇಡ. ಯಾಕೆ ಅಂತ ಹೇಳ್ತೇನೆ.

ಎಚ್‌ಐವಿ ತನ್ನ ಮಾಹಿತಿಯನ್ನು ಆರ್‌ಎನ್‌ಎಯಲ್ಲಿ ಇಟ್ಟುಕೊಂಡಿರುತ್ತದೆ. ರೋಗಗಳ ವಿರುದ್ಧ ಹೋರಾಡುವ ನಮ್ಮ ಸಿಡಿ4 ಎಂಬ ಬಿಳಿ ರಕ್ತಕಣದೊಳಗೆ ಹೊಕ್ಕ ಮೇಲೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವ ಅದನ್ನು ನೋಡಿ ಡಿಎನ್‌ಎ ನಕಲು ಮಾಡುತ್ತದೆ. ಆಮೇಲೆ ಇಂಟಿಗ್ರೇಸ್ ಎಂಬ ಇನ್ನೊಂದು ಕಿಣ್ವ ಆ ನಕಲನ್ನು ನಮ್ಮದೇ ಡಿಎನ್‌ಎಗೆ ಸೇರಿಸಿಬಿಡುತ್ತದೆ.

ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರಿನಲ್ಲಿ ಈಗ ಹೆಚ್ಚಿನವರಿಗೆ ಕೊಡುವ ಒಂದೇ ಗುಳಿಗೆಯಲ್ಲಿ ಮೂರು ಔಷಧಿ ಇವೆ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಡಿಎನ್‌ಎ ತುಣುಕಿನ ಹಾಗೇ ಕಾಣುತ್ತವೆ. ಮೊದಲ ಕಿಣ್ವ ಮೋಸಹೋಗಿ ಅವನ್ನೇ ಜೋಡಿಸುತ್ತದೆ. ಆದರೆ ಇವು ಹಿಂದೆ ಕೊಂಡಿ ಇಲ್ಲದ ರೈಲು ಬೋಗಿಗಳು, ಮುಂದಿನ ತುಣುಕು ಸಿಕ್ಕಿಸಲು ಜಾಗವೇ ಇಲ್ಲ, ನಕಲು ಅಲ್ಲಿಗೇ ನಿಂತಿತು. 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಚ್‌ಐವಿಯ ಮೊದಲ ಔಷಧಿ ಎಝಡ್‌ಟಿ ಕೂಡ ಹೀಗೇ ಕೆಲಸ ಮಾಡುತ್ತಿತ್ತು. ಅದೊಂದೇ ಸಾಲಲಿಲ್ಲ. ಈ ಕಿಣ್ವ ನಕಲು ಮಾಡುವಾಗ ತಪ್ಪು ಮಾಡೋದು ಜಾಸ್ತಿ, ಆ ತಪ್ಪುಗಳಲ್ಲೇ ಯಾವುದೋ ಒಂದು ವೈರಸ್ಸಿಗೆ ಔಷಧಿಯಿಂದ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ಮೂರು ಔಷಧಿ ಒಟ್ಟಿಗೆ ಕೊಡುವುದು ಅದಕ್ಕೇ. ಆಗಾಗ ಬಿಟ್ಟು ನುಂಗಿದರೆ ಆ ದಾರಿಯನ್ನು ನಾವೇ ತೆರೆದುಕೊಟ್ಟ ಹಾಗೆ.

ಮೂರನೆಯದು ಡೊಲುಟೆಗ್ರವಿರ್. ಇಂಟಿಗ್ರೇಸ್ ಕೆಲಸ ಮಾಡುವ ಜಾಗದಲ್ಲಿ ಎರಡು ಮೆಗ್ನೀಷಿಯಂ ಅಯಾನುಗಳಿರುತ್ತವೆ, ಅವಿಲ್ಲದೆ ಅದರ ಆಟ ನಡೆಯದು. ಈ ಔಷಧಿ ಅವೆರಡನ್ನೂ ಹಿಡಿದುಕೊಂಡು ಕೂತುಬಿಡುತ್ತದೆ. ನಿಮ್ಮ ಆಂಟಾಸಿಡ್ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹೆಚ್ಚಿನ ಆಂಟಾಸಿಡ್‌ಗಳಲ್ಲಿ ಇರೋದು ಮೆಗ್ನೀಷಿಯಂ, ಅಲ್ಯೂಮಿನಿಯಂ ಅಲ್ವಾ? ಔಷಧಿ ಹೊಟ್ಟೆಯಲ್ಲೇ ಅವಕ್ಕೆ ಅಂಟಿಕೊಂಡರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆಯಾಗುತ್ತದೆ. ಹಾಗಾಗಿ ಗುಳಿಗೆ ನುಂಗಿ 2 ಗಂಟೆ ಆದಮೇಲೆ ಆಂಟಾಸಿಡ್ ಕುಡಿಯಲಿ. ಮೊದಲೇ ಕುಡಿದಿದ್ದರೆ ಗುಳಿಗೆಗೆ 6 ಗಂಟೆ ಬಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಊಟದ ಜೊತೆಗಾದರೆ ಒಟ್ಟಿಗೇ ತಗೊಳ್ಳಬಹುದು, ಖಾಲಿ ಹೊಟ್ಟೆಯಲ್ಲಿ ಬೇಡ. ಅಂಗಡಿಯಿಂದ ಸುಮ್ನೆ ತಂದು ಕುಡಿಯುವ ಆಂಟಾಸಿಡ್ಡನ್ನು ನಮ್ಮವರು ಔಷಧಿ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ, ಡಾಕ್ಟರಿಗೆ ಹೇಳೋದೂ ಇಲ್ಲ.

ಇನ್ನು ತಮ್ಮನ ಮಾತು. ವೈರಸ್ ಕಾಣಿಸ್ತಿಲ್ಲ ಅಂದರೆ ರಕ್ತದಲ್ಲಿ ಮೆಷಿನ್ನಿಗೆ ಸಿಗದಷ್ಟು ಕಡಿಮೆಯಾಗಿದೆ ಅಂತ. ಇದು ಸಣ್ಣ ಗೆಲುವಲ್ಲ, ಹೀಗೇ ಉಳಿದರೆ ದೈಹಿಕ ಸಂಬಂಧದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಆದರೆ ಗುಳಿಗೆ ತಡೆಯುವುದು ಹೊಸ ಕಣಗಳಿಗೆ ಸೋಂಕು ತಗಲುವುದನ್ನು ಮಾತ್ರ. ಮೊದಲೇ ನಮ್ಮ ಡಿಎನ್‌ಎಗೆ ಸೇರಿಕೊಂಡಿದ್ದನ್ನು ಅದು ಕಿತ್ತು ತೆಗೆಯಲಾರದು. ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏಳುತ್ತದೆ.

ಬೋಟು ವಾಪಸ್ ಬರುವುದು ತಡವಾಗಬಹುದು, ಕೆಲವು ದಿನದ ಗುಳಿಗೆ ಹೆಚ್ಚೇ ಇರಲಿ, ನೀರು ತಾಗದ ಡಬ್ಬಿಯಲ್ಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಸೆಂಟರಿನಲ್ಲಿ ಹೇಳಲೇಬೇಕು, ಅದರ ಡೋಸ್ ಇಳಿಸಬೇಕಾಗಬಹುದು. ಮುಂದಿನ ಸಲ ಹೋಗುವಾಗ ಆಂಟಾಸಿಡ್ ಬಾಟಲಿಯನ್ನೂ ಒಯ್ದು ತೋರಿಸಲಿ.