ತಮಟೆಯ ಪಕ್ಕದಲ್ಲಿ ಗಿಟಾರ್

ಪ್ರಶ್ನೆ: ಮಗಳ ಒತ್ತಾಯಕ್ಕೆ ಮಣಿದು ಚಿಕ್ಕಮಗಳೂರಿನ ಕಾಫಿ ಅಂಗಡಿಯೊಂದರ ಮಹಡಿಯಲ್ಲಿ, ಈಗೀಗ ಹೆಸರು ಮಾಡುತ್ತಿರುವ ಯುವಕರ ತಂಡವೊಂದರ ಜಾನಪದ ರಾಕ್ ಕೇಳಲು ಹೋಗಿದ್ದೆ. ಅರವತ್ತು ಮಂದಿ ಹಿಡಿಸುವ ಜಾಗ, ಮೇಲೆ ತಗಡಿನ ಶೀಟು. ಎರಡು ಬೀಸುವ ಪದ, ಒಂದು ಶರೀಫರ ತತ್ವಪದ ಹಾಡಿದರು. ಹುಡುಗರು ಕುಣಿದರು, ನನಗೆ ಒಂದು ಸಾಲೂ ತಿಳಿಯಲಿಲ್ಲ. ನಮ್ಮಜ್ಜಿ ಹಾಡುತ್ತಿದ್ದ ಪದಗಳಿಗೆ ಗಿಟಾರ್, ಡ್ರಮ್ ಸೇರಿಸುವುದು ಅಪಚಾರವಲ್ಲವೇ?
– ನಿವೃತ್ತ ಶಿಕ್ಷಕರೊಬ್ಬರು, ಚಿಕ್ಕಮಗಳೂರು

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಪದಕ್ಕೆ ಗಿಟಾರ್ ಸೇರಿತೆಂಬುದು ಒಂದು, ಪದವೇ ಕೇಳಿಸಲಿಲ್ಲವೆಂಬುದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪಲಾರೆ. ಎರಡನೆಯದನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಶಿಶುನಾಳ ಶರೀಫರ (1819–1889) ಪದಗಳು ಏಕತಾರಿ, ದಮ್ಮಡಿ, ತಾಳಗಳ ಜೊತೆಯಲ್ಲಿ ಭಜನೆ ಮೇಳಗಳಲ್ಲಿ ಉಳಿದು ಬಂದವು. ಅವುಗಳಿಗೆ ದೊಡ್ಡ ವಾದ್ಯವೃಂದ ಕೂಡಿಸಿ ಊರೂರಿಗೆ ಮುಟ್ಟಿಸಿದವರು ನಿಮ್ಮ ಪಕ್ಕದ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಂಗೀತ ಸಂಯೋಜಕ ಸಿ. ಅಶ್ವತ್ಥ್. 2008ರಲ್ಲಿ ಹೊರಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂನಲ್ಲಿ ಅದೇ ಶರೀಫರಿಗೆ ಗಿಟಾರ್ ಜೊತೆಯಾಯಿತು. ವಾದ್ಯ ಬದಲಾದುದರಿಂದ ಪದ ಕೆಟ್ಟದ್ದನ್ನು ನಾನು ಕಂಡಿಲ್ಲ. ಈ ಜಗಳ ನಮ್ಮದಷ್ಟೇ ಅಲ್ಲ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಗಾಯಕ ಬಾಬ್ ಡಿಲನ್ ವಿದ್ಯುತ್ ಗಿಟಾರ್ ಹಿಡಿದು ಬಂದಾಗ ಸಭಿಕರಲ್ಲಿ ಹಲವರು ಕೂಗಾಡಿದರು. ಅಂದು ಸಿಟ್ಟಾದ ಹಿರಿಯ ಗಾಯಕ ಪೀಟ್ ಸೀಗರ್, ತಮ್ಮ ಕೋಪ ಗಿಟಾರಿನ ಮೇಲಿರಲಿಲ್ಲ, ಹಾಡಿನ ಮಾತು ತಿಳಿಯದಂತೆ ಮಾಡಿದ ಧ್ವನಿವ್ಯವಸ್ಥೆಯ ಮೇಲಿತ್ತು ಎಂದು ಮುಂದೆ ಹೇಳಿಕೊಂಡರು. ನಿಮ್ಮ ದೂರೂ ಬಹುಶಃ ಇದೇ.

ತಗಡಿನ ಮಾಡು, ಬರಿಯ ಗೋಡೆ, ಗಾಜಿನ ಕಿಟಕಿ ಇರುವ ಸಣ್ಣ ಕೋಣೆಯಲ್ಲಿ ಶಬ್ದ ಹೀರಿಕೊಳ್ಳುವುದೆಂದರೆ ಜನರ ಮೈಬಟ್ಟೆಯೊಂದೇ. ಬೇಸ್ ಗಿಟಾರಿನ ತಗ್ಗಿನ ದನಿ ಮೂಲೆಗಳಲ್ಲಿ ತುಂಬಿಕೊಂಡು ಹಾಡುವವರ ಕಂಠವನ್ನು ಮುಚ್ಚುತ್ತದೆ. ಡ್ರಮ್ಮಿನ ಪಕ್ಕದ ಕಂಚಿನ ತಟ್ಟೆ ಝಲ್ಲೆಂದಾಗ ಸ, ಶ, ತ, ಚಗಳಂಥ ವ್ಯಂಜನಗಳು ಅದರಲ್ಲೇ ಕರಗಿಹೋಗುತ್ತವೆ. ಕನ್ನಡಕ್ಕೆ ಇದು ವಿಶೇಷವಾಗಿ ತಟ್ಟುವ ನಷ್ಟ: ನಮ್ಮ ಆದಿಪ್ರಾಸ ನಿಂತಿರುವುದೇ ಸಾಲಿನ ಎರಡನೆಯ ಅಕ್ಷರದ ವ್ಯಂಜನದ ಮೇಲೆ, ಅದು ಕೇಳದಿದ್ದರೆ ಸ್ವರಗಳ ಎಳೆತವಷ್ಟೇ ಉಳಿಯುತ್ತದೆ. ಒಗಟಿನ ಮಾತನ್ನೇ ನೆಚ್ಚಿರುವ ತತ್ವಪದದಲ್ಲಿ ಮಾತು ಹೋದರೆ ಬಾಕಿಯೇನು?

ಬೀಸುವ ಪದದ ಕಷ್ಟ ಬೇರೆ. ಅದು ಮೂರು ಸಾಲಿನ ತ್ರಿಪದಿ; ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಸಾಗುವುದು ರೂಢಿ. ಬೀಸುವ ಕಲ್ಲು ಸುತ್ತುವುದಕ್ಕೆ ತಕ್ಕಂತೆ ಉಸಿರು ತೆಗೆದುಕೊಳ್ಳಲು ಆ ಆವರ್ತನೆ ಬೇಕು. ರಾಕ್‌ನ ನಾಲ್ಕರ ತಾಳದ ಎಣಿಕೆಗೆ ಕೂಡಿಸುವ ಅವಸರದಲ್ಲಿ ಹೊಸ ತಂಡಗಳು ಅದನ್ನು ಕತ್ತರಿಸಿಬಿಡುತ್ತವೆ. ನನ್ನ ಮಟ್ಟಿಗೆ ಗಿಟಾರ್ ಸೇರಿಸುವುದಕ್ಕಿಂತ ದೊಡ್ಡ ತಪ್ಪು ಇದು, ಇದನ್ನು ಕುರಿತು ಯಾರೂ ಪತ್ರ ಬರೆಯುವುದಿಲ್ಲ.

ಆದರೂ ಇಂಥ ಮಹಡಿಯ ಕಾರ್ಯಕ್ರಮಗಳನ್ನು ಬಿಡಬೇಡಿ. ಕಳೆದ ಮಳೆಗಾಲದಲ್ಲಿ ನಾನೂ ಅಂಥದೊಂದಕ್ಕೆ ಹೋಗಿದ್ದೆ. ಥಂಡಿಗೆ ಸಡಿಲಾದ ತಮಟೆಯನ್ನು ಹುಡುಗನೊಬ್ಬ ಹಿತ್ತಲ ಬಾಗಿಲ ಬಳಿ ಹಳೆಯ ಪತ್ರಿಕೆ ಉರಿಸಿ ಕಾಯಿಸುತ್ತ, ಬೆರಳಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದ. ಒಳಗೆ ಗಿಟಾರಿನವನು ಮೂರನೆಯ ಬಾರಿ ತಂತಿ ಬಿಗಿಯುತ್ತಿದ್ದ. ಇದನ್ನು ದೊಡ್ಡ ಮೈದಾನದಲ್ಲಿ ಕಾಣಲಾಗದು. ಮುಂದಿನ ಸಲ ಧ್ವನಿಪೆಟ್ಟಿಗೆಯ ಎದುರಿಗೂ ಮೂಲೆಗೂ ಕೂರದೆ, ಧ್ವನಿ ಹೊಂದಿಸುವವರ ಪಕ್ಕದಲ್ಲಿ ಕುಳಿತುಕೊಳ್ಳಿ, ಏಕೆಂದರೆ ಅವರು ತಮ್ಮ ಕಿವಿಗೆ ಒಪ್ಪುವಂತೆಯೇ ಎಲ್ಲವನ್ನೂ ಹೊಂದಿಸಿರುತ್ತಾರೆ. ವಿರಾಮದಲ್ಲಿ, ಮಾತು ಕೇಳುತ್ತಿಲ್ಲ, ಬೇಸ್ ತುಸು ತಗ್ಗಿಸಿ ಎಂದು ಮೆಲ್ಲನೆ ಹೇಳಿ. ಅರವತ್ತು ಮಂದಿಯ ಸಭೆಯಲ್ಲಿ ಈ ಮಾತು ನಡೆಯುತ್ತದೆ.

ಪ್ರಶ್ನೆ: ನಮ್ಮ ತಂಡ ಟಿಕೆಟ್ ಇಟ್ಟು ಶರೀಫರ ಪದಗಳನ್ನು ಹಾಡಲಿದೆ. ಯಾರ ಅನುಮತಿಯಾದರೂ ಬೇಕೇ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಪದಕ್ಕೆ ಬೇಡ. ಕರ್ತೃ ತೀರಿಕೊಂಡು 60 ವರ್ಷಗಳವರೆಗೆ ಮಾತ್ರ ನಮ್ಮಲ್ಲಿ ಕೃತಿಸ್ವಾಮ್ಯವಿರುತ್ತದೆ, ಶರೀಫರ ಪದಗಳು ಎಲ್ಲರವು. ಮಟ್ಟಿನ, ಅಂದರೆ ಪದಕ್ಕೆ ಹಾಕಿದ ರಾಗಸಂಯೋಜನೆಯ, ವಿಷಯ ಹಾಗಲ್ಲ. ಅಶ್ವತ್ಥ್ 2009ರಲ್ಲಿ ತೀರಿಕೊಂಡರು, ಅವರು ಹಾಕಿದ ಮಟ್ಟುಗಳಿಗೆ 2069ರ ಕೊನೆಯವರೆಗೆ ಹಕ್ಕಿದೆ, ಟಿಕೆಟ್ ಇಟ್ಟ ಮೇಲೆ ಹಕ್ಕುದಾರರ ಪರವಾನಗಿ ಬೇಕು. ಭಜನೆ ಮೇಳದ ಹಳೆಯ ಮಟ್ಟನ್ನೇ ಹಿಡಿಯಿರಿ ಅಥವಾ ನಿಮ್ಮದೇ ಮಟ್ಟು ಹಾಕಿಕೊಳ್ಳಿ. ಮಾತು ಮಾತ್ರ ಹಿಂದಿನ ಸಾಲಿನವರಿಗೂ ಕೇಳಲಿ, ಮೇಲಿನ ಮೇಷ್ಟ್ರು ಬಂದರೂ ಬಂದಾರು.