ಐದು ದಿನದಲ್ಲಿ ಭರವಸೆ ತುಂಬಬಹುದೇ?

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಾನು ಮನೋರೋಗ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವ ಅರವತ್ತು ಒಳರೋಗಿಗಳಿಗೆ ಐದು ದಿನದ 'ಭರವಸೆ ತುಂಬುವ ಕಾರ್ಯಕ್ರಮ' ನಡೆಸಿ, ಮೊದಲೂ ಆಮೇಲೂ ಭರವಸೆಯನ್ನು ಅಳೆಯುವ ಹರ್ತ್ ಮಾಪಕದಲ್ಲಿ ಅಂಕ ತೆಗೆಯಬೇಕೆಂದಿದ್ದೇನೆ. ಗೈಡ್ ಒಪ್ಪಿದ್ದಾರೆ. ಆದರೆ ವಾರ್ಡಿನ ಹಿರಿಯ ಸಿಸ್ಟರ್, "ವರ್ಷಕ್ಕೆ ಮೂರು ಸಲ ಅಡ್ಮಿಟ್ ಆಗೋರಿಗೆ ಭರವಸೆ ಎಲ್ಲಿಂದ ತುಂಬ್ತೀಯಮ್ಮ?" ಎನ್ನುತ್ತಾರೆ. ಅವರ ಮಾತು ನಿಜವೇ? ಕಾರ್ಯಕ್ರಮದಲ್ಲಿ ಏನೇನಿರಬೇಕು?

ಸಂಪಾದಕರ ಉತ್ತರ:

ನಿಮ್ಮ ಅಧ್ಯಯನ ಈಗ ಇರುವ ಹಾಗೆಯೇ ನಡೆದರೆ ಅಂಕ ಬಹುತೇಕ ಏರಿಯೇ ಏರುತ್ತದೆ. ತೊಂದರೆ ಇರುವುದೂ ಅಲ್ಲೇ. ದಾಖಲಾದ ವಾರ ಎಂದರೆ ರೋಗಿಯ ಅತಿ ಕೆಟ್ಟ ವಾರ: ನಿದ್ದೆ ಇಲ್ಲ, ಕಿವಿಯಲ್ಲಿ ಮಾತು ನಿಲ್ಲುವುದಿಲ್ಲ, ಮನೆಯವರ ಮೇಲೇ ಅನುಮಾನ. ಅಲ್ಲಿಂದ ಮುಂದೆ ಔಷಧಿ ಹಿಡಿಯುತ್ತದೆ, ನಿದ್ದೆ ಬರುತ್ತದೆ, ಊಟ ಸೇರುತ್ತದೆ. ನೀವು ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತಿದ್ದು ಎದ್ದುಬಂದರೂ ಎರಡನೇ ಸಲದ ಅಂಕ ಹೆಚ್ಚೇ ಬರುತ್ತಿತ್ತು. ಹೋಲಿಸಲು ಇನ್ನೊಂದು ಗುಂಪಿಲ್ಲದಿದ್ದರೆ ಆ ಏರಿಕೆ ಮಾತ್ರೆಯದೋ ನಿಮ್ಮದೋ ಎಂದು ಹೇಳುವ ದಾರಿಯೇ ಇಲ್ಲ.

ಒಂದೇ ವಾರ್ಡಿನಲ್ಲಿ ಎರಡು ಗುಂಪು ಮಾಡುವುದೂ ಕಷ್ಟ. ಇವರಿಗೆ ಹೇಳಿದ್ದನ್ನು ಅವರು ಸಂಜೆ ಕಾಫಿ ಹೊತ್ತಿಗೆ ಕೇಳಿಸಿಕೊಂಡಿರುತ್ತಾರೆ. ಫಾಲೋ ಅಪ್‌ಗೆ ಬರುವ, ಕನಿಷ್ಠ ಒಂದು ತಿಂಗಳಿಂದ ಸ್ಥಿರವಾಗಿರುವ ಹೊರರೋಗಿಗಳನ್ನು ಆರಿಸಿಕೊಳ್ಳಿ. ಚೀಟಿ ಎತ್ತಿ ಮೂವತ್ತು ಜನರಿಗೆ ಈಗ ಕಾರ್ಯಕ್ರಮ ಕೊಡಿ, ಉಳಿದ ಮೂವತ್ತು ಜನರಿಗೆ ಅಧ್ಯಯನ ಮುಗಿದ ಮೇಲೆ. ಅಂಕ ತೆಗೆಯುವವರು ನೀವಾಗಬಾರದು. ಯಾರು ಯಾವ ಗುಂಪಿನವರೆಂದು ತಿಳಿಯದ ಸಹಪಾಠಿಯೊಬ್ಬರು ತೆಗೆಯಲಿ. ಐದು ದಿನ ಪ್ರೀತಿಯಿಂದ ಮಾತಾಡಿಸಿದ ಸಿಸ್ಟರೇ ಬಂದು ಕೇಳಿದರೆ "ಹೂಂ ಸಿಸ್ಟರ್, ಈಗ ಚೆನ್ನಾಗಿದೆ" ಎನ್ನದವರು ಯಾರು? ಕೊನೆಯ ಅಳತೆ ಐದನೇ ದಿನಕ್ಕೆ ಬೇಡ. ಒಂದು ತಿಂಗಳಿಗೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ ಮಾಡಿ. ನಡುವೆ ಬರುವುದನ್ನು ನಿಲ್ಲಿಸಿದವರನ್ನು ಲೆಕ್ಕದಿಂದ ಕೈಬಿಡಬೇಡಿ, ಫೋನ್ ಮಾಡಿ ವಿಚಾರಿಸಿ. ಭರವಸೆ ಕಳೆದುಕೊಂಡವರು ಅವರಲ್ಲೇ ಹೆಚ್ಚಿರಬಹುದು.

ಇನ್ನು ಮಾಪಕ. ಅಮೆರಿಕದ ನರ್ಸ್ ಕೇ ಹರ್ತ್ ತಾವೇ ಮಾಡಿದ್ದ 30 ಹೇಳಿಕೆಗಳ ಮಾಪಕವನ್ನು ವಾರ್ಡಿನಲ್ಲಿ ಬಳಸಲು ಅನುಕೂಲವಾಗಲೆಂದು 12ಕ್ಕೆ ಇಳಿಸಿ 1992ರಲ್ಲಿ ಪ್ರಕಟಿಸಿದರು. ಪ್ರತಿ ಹೇಳಿಕೆಗೆ 1ರಿಂದ 4 ಅಂಕ, ಒಟ್ಟು 12ರಿಂದ 48. ಇದರಲ್ಲಿ ಮೂರನೆಯದು ಒಂಟಿತನದ ಬಗ್ಗೆ, ಆರನೆಯದು ಮುಂದಿನ ದಿನಗಳ ಭಯದ ಬಗ್ಗೆ. ಈ ಎರಡಕ್ಕೂ ಅಂಕ ತಿರುಗಿಸಿ ಹಾಕಬೇಕು. ಮರೆತರೆ ಪೂರ್ತಿ ಕುಸಿದ ವ್ಯಕ್ತಿಗೆ ಒಂದೊಂದರಲ್ಲಿ 1ರ ಬದಲು 4 ಬೀಳುತ್ತದೆ, ಅಂದರೆ ಆರು ಅಂಕ ಪುಕ್ಕಟೆ. 36 ಅಂಕಗಳ ಹರವಿನಲ್ಲಿ ಆರು ಸಣ್ಣದಲ್ಲ; ನಿಮ್ಮ ಕಾರ್ಯಕ್ರಮದ ಫಲವೇ ಅಷ್ಟಿಲ್ಲದಿರಬಹುದು. ಇವೇ ಎರಡು ಹೇಳಿಕೆ ಇನ್ನೊಂದು ಕೆಲಸಕ್ಕೂ ಬರುತ್ತವೆ: ಯಾರಾದರೂ ಹನ್ನೆರಡಕ್ಕೂ "ಹೌದು" ಎಂದಿದ್ದರೆ ಅವರು ಪ್ರಶ್ನೆ ಕೇಳಿಸಿಕೊಂಡಿಲ್ಲ ಎಂದೇ ಅರ್ಥ.

ನಂಬಿಕೆಯಿಂದ ನೆಮ್ಮದಿ ಸಿಗುತ್ತದೆಯೇ ಎಂಬ ಹೇಳಿಕೆಯೂ ಇದೆ. ನಮ್ಮ ಕಡೆ ಇದಕ್ಕೆ ಇಲ್ಲ ಎನ್ನುವವರು ಕಡಿಮೆ. ಹಾಗಾಗಿ ಅದು ಒಬ್ಬರಿಂದ ಒಬ್ಬರನ್ನು ಬೇರ್ಪಡಿಸಿ ತೋರಿಸುವುದು ಅನುಮಾನ. ಓದಲು ಬಾರದವರಿಗೆ ನಾಲ್ಕು ಉತ್ತರಗಳನ್ನು ಬಾಯಲ್ಲಿ ಹೇಳಿದರೆ ಕೊನೆಯದು ಮಾತ್ರ ನೆನಪಿರುತ್ತದೆ. ಒಂದರಿಂದ ನಾಲ್ಕರವರೆಗೆ ನೀರು ತುಂಬಿದ ಲೋಟಗಳ ಚಿತ್ರವಿರುವ ಕಾರ್ಡು ಮಾಡಿಕೊಳ್ಳಿ. ಕನ್ನಡ ರೂಪವನ್ನು ಮೊದಲು ಎಂಟು ಹತ್ತು ಜನರ ಮೇಲೆ ಪ್ರಯೋಗಿಸಿ, "ಈ ಮಾತು ಕೇಳಿದಾಗ ನಿಮಗೇನು ಅನ್ನಿಸಿತು?" ಎಂದು ಕೇಳಿ ನೋಡಿ. ಮಾಪಕ ಬಳಸಲು ಅದರ ಹಕ್ಕುದಾರರ ಅನುಮತಿಯನ್ನೂ ಮೊದಲೇ ಪಡೆಯಿರಿ.

ಇದಕ್ಕಿಂತ ದೊಡ್ಡ ಮೋಸ ಬೇರೆಯಿದೆ. ಮುಖದಲ್ಲಿ ಕಳೆಯಿಲ್ಲ, ಮಾತು ನಿಧಾನ, ನಡೆಯುವಾಗ ಕೈ ಬೀಸುವುದಿಲ್ಲ, ಸಹಿ ದಿನೇ ದಿನೇ ಚಿಕ್ಕದಾಗುತ್ತಿದೆ. ಇಂಥವರನ್ನು ಕಂಡು "ಭರವಸೆ ಬತ್ತಿಹೋಗಿದೆ" ಎಂದು ಬರೆಯುವುದು ಸುಲಭ. ಆದರೆ ಇದು ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಔಷಧಿಗಳಿಂದ ಬರುವ ಬಿಗಿತವೂ ಆಗಿರಬಹುದು, ಕಾಯಿಲೆಯದೇ ಮಂಕೂ ಆಗಿರಬಹುದು, ಖಿನ್ನತೆಯೂ ಆಗಿರಬಹುದು. ಮೂರಕ್ಕೂ ಮದ್ದು ಬೇರೆ. ಮೊಣಕೈ ಹಿಡಿದು ಮಡಚಿ ಬಿಡಿಸಿ ನೋಡಿ: ಹಲ್ಲುಚಕ್ರದಂತೆ ತಡೆತಡೆದು ಬಂದರೆ ಅಂದೇ ಡಾಕ್ಟರಿಗೆ ತಿಳಿಸಿ. ಕೂತಲ್ಲಿ ಕೂರಲಾಗದೆ ಕಾಲು ಬದಲಿಸುತ್ತಾ ಶತಪಥ ಹಾಕುವವರ ವಿಷಯ ಇನ್ನೂ ತುರ್ತು. ಔಷಧಿಯಿಂದಾದ ಆ ಚಡಪಡಿಕೆ ಆತ್ಮಹತ್ಯೆಯ ಯೋಚನೆಗೂ ದೂಡಬಲ್ಲದು. ಖಿನ್ನತೆಯನ್ನು ಮಂಕಿನಿಂದ ಬೇರ್ಪಡಿಸಲೆಂದೇ ಮಾಡಿದ ಒಂಬತ್ತು ಪ್ರಶ್ನೆಗಳ ಕ್ಯಾಲ್ಗರಿ ಮಾಪಕವನ್ನು ಹರ್ತ್ ಜೊತೆಗೆ ಇಟ್ಟುಕೊಳ್ಳಿ.

ಹಿರಿಯ ಸಿಸ್ಟರ್ ಮಾತಿಗೆ ಬರೋಣ. ಅವರು ಕಂಡದ್ದು ಸುಳ್ಳಲ್ಲ, ಆದರೆ ಕಂಡದ್ದು ಅರ್ಧ. ಗ್ಯಾರೇಜಿನಲ್ಲಿ ಕೂತವನಿಗೆ ಊರಿನ ಗಾಡಿಗಳೆಲ್ಲ ಕೆಟ್ಟವೇ ಅನ್ನಿಸುತ್ತವೆ. ಮರಳಿ ಮರಳಿ ಬರುವವರನ್ನೇ ವಾರ್ಡ್ ನೋಡುತ್ತದೆ. ಗುಣವಾಗಿ ಹೊಲಕ್ಕೋ ಅಂಗಡಿಗೋ ಹೋದವರು ಡ್ಯೂಟಿ ರೂಮಿಗೆ ಬಂದು ಹೇಳಿ ಹೋಗುವುದಿಲ್ಲ. 1984ರಲ್ಲಿ ಸಂಶೋಧಕರಾದ ಪೆಟ್ರೀಷಿಯಾ ಕೋಹೆನ್ ಮತ್ತು ಜೇಕಬ್ ಕೋಹೆನ್ ಇದನ್ನು ಚಿಕಿತ್ಸಕರ ಭ್ರಮೆ ಎಂದು ಕರೆದರು. ಅಮೆರಿಕದ ವರ್ಮಾಂಟ್ ರಾಜ್ಯದ ಆಸ್ಪತ್ರೆಯಲ್ಲಿ ಇನ್ನು ಸುಧಾರಿಸರು ಎಂದು ಹಿಂಬದಿಯ ವಾರ್ಡುಗಳಿಗೆ ಸೇರಿಸಿದ್ದ 269 ಜನರಿಗೆ 1950ರ ದಶಕದ ಮಧ್ಯದಲ್ಲಿ ಪುನರ್ವಸತಿ ಕೊಟ್ಟು ಹೊರಗೆ ಕಳಿಸಿದ್ದರು. ಅದಾಗಿ 20ರಿಂದ 25 ವರ್ಷಗಳ ನಂತರದ ಸ್ಥಿತಿಯನ್ನು ಕೋರ್ಟನೆ ಹಾರ್ಡಿಂಗ್ ತಂಡ 1987ರಲ್ಲಿ ವರದಿ ಮಾಡಿತು: ಅರ್ಧದಿಂದ ಮೂರನೇ ಎರಡು ಭಾಗದಷ್ಟು ಜನ ಚೇತರಿಸಿಕೊಂಡಿದ್ದರು ಅಥವಾ ಸಾಕಷ್ಟು ಸುಧಾರಿಸಿದ್ದರು. ಇದನ್ನು ಹಿಡಿದುಕೊಂಡು ವಾದಕ್ಕೆ ಹೋಗುವುದಕ್ಕಿಂತ, ಚೆನ್ನಾಗಿರುವ ಹಳೆಯ ರೋಗಿಯೊಬ್ಬರನ್ನು ಅವರ ಒಪ್ಪಿಗೆ ಪಡೆದು ತಿಂಗಳಿಗೊಮ್ಮೆ ವಾರ್ಡಿಗೆ ಕರೆಸಿ. ಸಿಸ್ಟರೂ ನೋಡಲಿ.

ಹಾಗೆಂದು ಐದು ದಿನದ ಭಾಷಣಕ್ಕೆ ಹೆಚ್ಚು ಬೆಲೆ ಕಟ್ಟಬೇಡಿ. ನಮ್ಮ ದೇಶದಲ್ಲೇ ಸ್ಕಿಜೋಫ್ರೇನಿಯಾ ಇರುವ 282 ಜನರ ಮೇಲೆ ನಡೆದ ಕಾಪ್ಸಿ ಎಂಬ ಪ್ರಯೋಗದಲ್ಲಿ, ತರಬೇತಿ ಪಡೆದ ಸಮುದಾಯ ಕಾರ್ಯಕರ್ತರು ಹನ್ನೆರಡು ತಿಂಗಳು ಮನೆಮನೆಗೆ ಹೋಗಿ ರೋಗಿಗೂ ಮನೆಯವರಿಗೂ ನೆರವಾದರು. 2014ರಲ್ಲಿ ಪ್ರಕಟವಾದ ಫಲಿತಾಂಶ: ಲಕ್ಷಣಗಳಲ್ಲೂ ಅಂಗವೈಕಲ್ಯದಲ್ಲೂ ಆಸ್ಪತ್ರೆಯ ಮಾಮೂಲಿ ಆರೈಕೆಗಿಂತ ಸ್ವಲ್ಪ ಹೆಚ್ಚಿನ ಸುಧಾರಣೆ. ಒಂದು ವರ್ಷದ ದುಡಿಮೆಗೆ ಸ್ವಲ್ಪ. ಐದು ದಿನಕ್ಕೆ ಎಷ್ಟು ಎಂದು ನೀವೇ ಅಂದಾಜು ಮಾಡಿ. ವಾರಕ್ಕೊಂದರಂತೆ ಎಂಟು ಭೇಟಿ, ತಲಾ 40 ನಿಮಿಷ, ಮನೆಯವರೊಬ್ಬರು ಕನಿಷ್ಠ ಎರಡಕ್ಕೆ ಹಾಜರು: ಇಷ್ಟಾದರೂ ಇರಲಿ.

ಒಳಗೆ ಏನಿರಬೇಕು? ಡುಫಾಲ್ಟ್ ಮತ್ತು ಮಾರ್ಟೋಚಿಯೋ ಎಂಬ ಶುಶ್ರೂಷಾ ಸಂಶೋಧಕಿಯರು 1985ರಲ್ಲಿ ಭರವಸೆಯಲ್ಲಿ ಎರಡು ಬಗೆ ಗುರುತಿಸಿದರು: ಬದುಕು ಹೇಗೋ ಸಾಗುತ್ತದೆ ಎಂಬ ಸಾಮಾನ್ಯ ಭರವಸೆ, ಇಂಥದ್ದು ಆಗಬೇಕು ಎಂಬ ನಿರ್ದಿಷ್ಟ ಭರವಸೆ. ನರ್ಸ್ ಕೈಗೆ ಸಿಗುವುದು ಎರಡನೆಯದು. "ಮುಂದೇನು ಮಾಡಬೇಕು ಅಂತಿದ್ದೀರಿ?" ಎಂದರೆ ಗೊತ್ತಿಲ್ಲ ಎನ್ನುತ್ತಾರೆ. "ಗೌರಿ ಹಬ್ಬಕ್ಕೆ ಮನೇಲಿ ಏನು ಕೆಲಸ ನಿಮ್ಮದು?" ಎಂದು ಕೇಳಿ, ಬಾಯಿ ಬಿಡುತ್ತಾರೆ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಕೇಸ್ ಶೀಟಿನಲ್ಲಿ ಬರೆಯಿರಿ. ಉದಾಹರಣೆಗೆ "ಅಣ್ಣನ ಅಂಗಡೀಲಿ ಕೂರಬೇಕು" ಎಂದರೆ, ಮೊದಲ ವಾರ ಎಂಟು ಗಂಟೆಯೊಳಗೆ ಸ್ನಾನ. ಎರಡನೇ ವಾರ ಐವತ್ತು ರೂಪಾಯಿ ತೆಗೆದುಕೊಂಡು ಹೋಗಿ ಹಾಲು ತಂದು ಚಿಲ್ಲರೆ ಲೆಕ್ಕ ಹೇಳುವುದು. ಮೂರನೇ ವಾರ ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಅರ್ಧ ಗಂಟೆ ಅಂಗಡಿಯಲ್ಲಿ. ರಾತ್ರಿಯ ಮಾತ್ರೆಯ ಮಂಪರಿನಿಂದ ಬೆಳಿಗ್ಗೆ ಏಳಲಾಗದಿದ್ದರೆ ಸೋಮಾರಿ ಎನ್ನುವ ಮೊದಲು ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಇದು ಕೆಡುವ ರೀತಿಗಳೂ ಗೊತ್ತಿರಲಿ. ಗುರಿ ರೋಗಿಯದಲ್ಲದೆ ಅಮ್ಮನದಾಗಿದ್ದರೆ ಎರಡನೇ ವಾರಕ್ಕೇ ನಿಲ್ಲುತ್ತದೆ. "ಮದುವೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ" ಎಂಬುದು ಭರವಸೆಯಲ್ಲ. ಇನ್ನೊಂದು ಮನೆಯನ್ನೂ ಸಂಕಟಕ್ಕೆ ಎಳೆಯುವ ಕೆಲಸ. "ಪೂರ್ತಿ ಗುಣ ಆಗುತ್ತೆ, ಮಾತ್ರೆ ನಿಲ್ಲಿಸಬಹುದು" ಎಂದು ನೀವು ಹೇಳಿ, ಅವರು ನಿಲ್ಲಿಸಿ, ಕಾಯಿಲೆ ಮರುಕಳಿಸಿದರೆ ಆಮೇಲೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಬದಲಿಗೆ ಮುನ್ಸೂಚನೆಗಳನ್ನು ಅವರಿಂದಲೇ ಬರೆಸಿ: ಎರಡು ರಾತ್ರಿ ನಿದ್ದೆ ಕೆಟ್ಟರೆ, ಟಿವಿ ನನ್ನ ಬಗ್ಗೆಯೇ ಮಾತಾಡುತ್ತಿದೆ ಅನ್ನಿಸಿದರೆ, ಯಾರಿಗೆ ಫೋನ್ ಮಾಡುವುದು, ಯಾವಾಗ ಆಸ್ಪತ್ರೆಗೆ ಬರುವುದು.

ಕಾಯಿಲೆಯ ಬಗ್ಗೆ ತಿಳಿವಳಿಕೆ ಕೊಡುವ ದಿನ ಇನ್ನೂ ಎಚ್ಚರ ಬೇಕು. ಲೈಸೇಕರ್ ಮತ್ತು ಸಂಗಡಿಗರ 2007ರ ಅಧ್ಯಯನದಲ್ಲಿ, ತಮಗೆ ಕಾಯಿಲೆ ಇದೆ ಎಂದು ಒಪ್ಪಿಕೊಂಡು, ಜೊತೆಗೆ ಸಮಾಜ ಹೇಳುವ "ಹುಚ್ಚ, ಕೈಲಾಗದವ" ಎಂಬುದನ್ನೂ ಒಪ್ಪಿಕೊಂಡವರಲ್ಲಿ ಭರವಸೆ ಎಲ್ಲರಿಗಿಂತ ಕಡಿಮೆಯಿತ್ತು. ಹೆಸರು, ಲಕ್ಷಣ, ಜೀವನಪರ್ಯಂತ ಔಷಧಿ ಎಂದು ಬೋರ್ಡಿನ ಮೇಲೆ ಬರೆದು ತರಗತಿ ಮುಗಿಸಿದರೆ ನಾವು ಕೊಟ್ಟದ್ದು ತಿಳಿವಳಿಕೆಯೂ ಹೌದು, ಏಟೂ ಹೌದು. ಅದೇ ದಿನ ಸಂಜೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು "ಬದುಕೇ ಬೇಡ ಅನ್ನಿಸಿದ್ದಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಯಾರಿಗೆ ತಿಳಿಸುತ್ತೀರಿ, ರೋಗಿಯ ಜೊತೆ ಯಾರಿರುತ್ತಾರೆ ಎಂಬುದು ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲೇ ಇರಬೇಕು.

ಡಿಸ್ಚಾರ್ಜ್ ಆದ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ಒಳರೋಗಿಗಳನ್ನೇ ಆರಿಸಿಕೊಂಡರೆ ಏಳು ದಿನದೊಳಗೆ ಒಂದು ಫೋನ್ ಕರೆ ಕಡ್ಡಾಯ ಮಾಡಿಕೊಳ್ಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮಾತ್ರೆ ಚೀಟಿಯ ಮೇಲೆಯೇ ಬರೆದುಕೊಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಬಿಡುಗಡೆಗೆ ಮುಂಚೆ ರೋಗಿಯೊಡನೆ ಸಮಾಲೋಚಿಸಿ ಮುಂದಿನ ಯೋಜನೆ ಮಾಡಬೇಕೆನ್ನುತ್ತದೆ. ಅಂಗವೈಕಲ್ಯ 40 ಶೇಕಡಾ ಅಥವಾ ಹೆಚ್ಚಿದ್ದರೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸುವುದನ್ನೂ ಎಂಟರಲ್ಲಿ ಒಂದು ಭೇಟಿಯ ಕೆಲಸವಾಗಿ ಸೇರಿಸಿ. ಸಿನಾಪ್ಸಿಸ್ (ಅಧ್ಯಯನದ ರೂಪುರೇಷೆ) ಸಲ್ಲಿಸುವ ಮುಂಚೆ ಈ ಬದಲಾವಣೆಗಳನ್ನು ಗೈಡ್‌ಗೆ ತೋರಿಸಿ. ಸಮಯ ಸಾಲದು ಎಂದರೆ ಅರವತ್ತನ್ನು ನಲವತ್ತಕ್ಕೆ ಇಳಿಸಿ ಇದು ಪ್ರಾಥಮಿಕ ಅಧ್ಯಯನ ಎಂದು ಸ್ಪಷ್ಟವಾಗಿ ಬರೆಯಿರಿ. ಹೋಲಿಕೆ ಗುಂಪನ್ನು ಮಾತ್ರ ಬಿಡಬೇಡಿ.